ಅಳತೆ ಬದಲಾಗದ ಫ್ರಾಕು

ಅರವತ್ತು ತುಂಬುವ ಹೊತ್ತಿಗೆ ಡಚ್ ಭಾಷೆ ಕಲಿಯಲು ಕೂತೆ. ಚನ್ನಪಟ್ಟಣದ ಕಡೆಯ ಶಾಲೆಗಳಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಎಂದು ಮಕ್ಕಳ ತಲೆ ತಿಂದವಳು ನಾನು. ಈಗ ಫೋನಿನೊಳಗಿನ ಟೀಚರು, ನನ್ನ ಮಗಳ ವಯಸ್ಸಿನವಳು, "ಮೇಡಂ, ಕ್ರಿಯಾಪದ ಎರಡನೇ ಜಾಗದಲ್ಲೇ ಬರಬೇಕು" ಎಂದು ವಾರಕ್ಕೆರಡು ಸಲ ಕಿವಿ ಹಿಂಡುತ್ತಾಳೆ. 'ನಾನು ನಿನ್ನೆ ಮಾಗಡಿಗೆ ಬಸ್ಸಿನಲ್ಲಿ' ಎಂದು ಎಳೆದು, ಎದುರಿನವರ ಮುಖ ನೋಡಿಕೊಂಡು ಕೊನೆಗೆ 'ಹೋದೆ' ಎನ್ನುವುದು ನನ್ನ ರೂಢಿ. ಅಲ್ಲಿ ಅದು ನಡೆಯದು. ನಾನು ಎಂದ ಕೂಡಲೇ ಏನು ಮಾಡಿದೆ ಎಂದು ಹೇಳಿಬಿಡಬೇಕು. 'ಏಕೆಂದರೆ' ಎಂದು ಶುರುವಾದರೆ ಮಾತ್ರ ಕ್ರಿಯಾಪದ ನಮ್ಮಲ್ಲಿಯ ಹಾಗೆ ಕೊನೆಗೆ ಹೋಗುತ್ತದೆ. ಅದೊಂದನ್ನು ಬೇಗ ಕಲಿತೆ. ಕಾರಣ ಹೇಳುವುದರಲ್ಲಿ ನಾನು ಯಾವತ್ತೂ ಮುಂದು.

ಕಲಿತದ್ದು ತಂಗಿಗಾಗಿ. ಅಪ್ಪ ಸತ್ತ ವರ್ಷ ಅವ್ವ ಅವಳನ್ನು ಬೆಂಗಳೂರಿನ ಒಂದು ಅನಾಥಾಶ್ರಮಕ್ಕೆ ಬಿಟ್ಟಳು. ಅವಳಿಗೆ ಮೂರು ವರ್ಷ, ನನಗೆ ಹತ್ತು. ಹೋಗುವಾಗ ಬಸ್ಸಿನಲ್ಲಿ ನನ್ನ ತೊಡೆಯ ಮೇಲೇ ನಿದ್ದೆ ಹೋಗಿದ್ದಳು. ಬರುವಾಗ ಅವ್ವ, "ಯಾರಾರ ಕೇಳುದ್ರೆ ಜ್ವರ ಬಂದು ಹೋಗ್ಬುಡ್ತು ಅನ್ನು. ಅಳು ಬರ್ದಿದ್ರೂ ಅಳು" ಎಂದಳು. ಅತ್ತೆ. ಊರು ನಂಬಿತು. ಆಶ್ರಮದವರು ಅವಳನ್ನು ಹಾಲೆಂಡಿಗೆ ದತ್ತು ಕೊಟ್ಟರು.

ಸತ್ತವಳು ಎಂದ ಮೇಲೆ ಪಿತೃಪಕ್ಷಕ್ಕೆ ಎಡೆ ಇಡದೆ ಇರಲಾಗುತ್ತದೆಯೇ? ಅಪ್ಪನಿಗೆ ಪಂಚೆ, ಪಕ್ಕದ ಅವಳ ಎಲೆಯ ಮೇಲೆ ಕಜ್ಜಾಯ, ಚಕ್ಕುಲಿ, ಒಂದು ಹೊಸ ಫ್ರಾಕು. ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಜಗಲಿಯ ಮೇಲೆ ಕೂರುತ್ತಿದ್ದೆವು. ಒಳಗೆ ಎಲೆ ಸರಿದ ಸದ್ದಾದರೆ ನಾನು ಬಾಗಿಲನ್ನೇ ನೋಡುತ್ತಿದ್ದೆ. ಬದುಕಿರುವವಳ ಎಡೆಯನ್ನು ತಿನ್ನುತ್ತಿರುವುದು ಯಾರು? ಅವ್ವನನ್ನು ಕೇಳುವ ಧೈರ್ಯ ಬರಲಿಲ್ಲ. ಅವ್ವ ಸಾಯುವ ತನಕ ಫ್ರಾಕು ತಪ್ಪಲಿಲ್ಲ.

ಹಳೆಯ ಕಾಗದಪತ್ರ ಹಿಡಿದು ತಂಗಿ ಹೋದ ವರ್ಷ ನಮ್ಮನ್ನು ಹುಡುಕಿದಳು. ಮೊದಮೊದಲು ದುಭಾಷಿಯೊಬ್ಬರು ನಡುವೆ ಇದ್ದರು. ನನ್ನ ತಪ್ಪನ್ನು ಇನ್ನೊಬ್ಬರ ಬಾಯಿಂದ ಹೇಳಿಸಲು ಮನಸ್ಸಾಗಲಿಲ್ಲ, ಅದಕ್ಕೇ ಈ ಪಾಠ.

ಈ ಸಲದ ಪಿತೃಪಕ್ಷದ ಹಬ್ಬಕ್ಕೆ ವಾರ ಮುಂಚೆ, ಮೊದಲ ಬಾರಿಗೆ ನಾವಿಬ್ಬರೇ ಫೋನಿನ ವಿಡಿಯೋದಲ್ಲಿ ಮಾತಾಡಿದೆವು. ಅವ್ವ ತನ್ನನ್ನು ನೆನೆಯುತ್ತಿದ್ದಳೇ ಎಂದು ಕೇಳಿದಳು. ತಡವರಿಸುತ್ತಾ ಹೇಳಿದೆ: ಪ್ರತಿವರ್ಷ ನಿನಗೊಂದು ಎಲೆ ಹಾಕಿ, ಹೊಸ ಫ್ರಾಕು ಇಡುತ್ತಿದ್ದೆವು.

ಅವಳು ಕಣ್ಣೊರೆಸಿಕೊಂಡು ನಕ್ಕಳು. "ಹಾಗಾದರೆ ನನಗಾಗಿ ಕಾಯುತ್ತಿದ್ದಿರಿ!"

ಅಲ್ಲಿಗೇ ಸುಮ್ಮನಾಗಬಹುದಿತ್ತು. ಆಸೆಯೂ ಆಯಿತು.

"ನಾನು ಬೆಳೆದ ಹಾಗೆ ಫ್ರಾಕಿನ ಅಳತೆಯನ್ನೂ ದೊಡ್ಡದು ಮಾಡುತ್ತಿದ್ದಿರಾ?"

"ಇಲ್ಲ. ಯಾವಾಗಲೂ ಮೂರು ವರ್ಷದ ಮಗುವಿನದೇ."

"ಯಾಕೆ?"

"ಏಕೆಂದರೆ ಊರಿನವರ ಪಾಲಿಗೆ ನೀನು ಸತ್ತಿದ್ದೆ."

"ನಿನ್ನ ಪಾಲಿಗೆ?"

"ನೀನು ಬದುಕಿರುವುದು ನನಗೆ ಗೊತ್ತಿತ್ತು" ಎಂದೆ. ವಾಕ್ಯ ತಪ್ಪಿಲ್ಲದೆ ಬಂತು. ಫೋನು ಕಟ್ಟಾಯಿತು.

ನಿನ್ನೆ ಹಬ್ಬ. ಅಪ್ಪನಿಗೆ, ಅವ್ವನಿಗೆ ಎರಡೇ ಎಡೆ ಇಟ್ಟು ಬಾಗಿಲು ಮುಂದೆ ಮಾಡಿದೆ. ಒಳಗೆ ಏನು ಸದ್ದಾಯಿತೋ ಕಿವಿಗೆ ಬೀಳಲಿಲ್ಲ. ಜಗಲಿಯ ಮೇಲೆ ಫೋನನ್ನು ತೊಡೆಯಲ್ಲಿಟ್ಟುಕೊಂಡು, ಅದು ಬಡಿದುಕೊಳ್ಳಲಿ ಎಂದು ಕಾಯುತ್ತಾ ಕೂತಿದ್ದೆ.