ಐಮಂಗಲದಾಚೆ ಅಡ್ಡ ಬಂದ ಮಂದೆ

ಚಿತ್ರದುರ್ಗ. ರಕ್ತಾಕ್ಷಿ ಸಂವತ್ಸರ, ಮಾಘ ಬಹುಳ ಬಿದಿಗೆ. ಬೆಳಿಗ್ಗೆ ಆರೂವರೆಗೆ ಬರೆಯಲು ಕುಳಿತೆ.

ನನ್ನ ಸೋದರಮಾವ ಸುಳ್ಳು ಹೇಳಲಿಲ್ಲ ಎಂದು ತಿಳಿಸುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ಅವನು ಈ ಊರಿನ ಹತ್ತಿ ಸಾಹುಕಾರರೊಬ್ಬರ ಮೋಟಾರು ಓಡಿಸುತ್ತಿದ್ದ. ಈಗ ಅದೇ ಸಾಹುಕಾರರ ಹತ್ತಿ ತುಂಬಿದ ಎತ್ತಿನ ಗಾಡಿ ಹೊಡೆಯುತ್ತಾನೆ. ಕಳೆದ ವರ್ಷದ ಪುಷ್ಯ ಮಾಸದಲ್ಲಿ ನಡೆದ ಒಂದು ಮೋಟಾರು ಪಂದ್ಯ ಇದಕ್ಕೆ ಕಾರಣ.

ಪೇಟೆಯ ತಿರುವಿನಲ್ಲಿ ಸಾಹೇಬರೊಬ್ಬರ ಸೈಕಲ್ ಅಂಗಡಿ ಇದೆ. ಮೋಟಾರಿನ ಹುಚ್ಚು ಹಿಡಿದವರು ಭಾನುವಾರ ಸಂಜೆ ಅದರ ಜಗಲಿಯ ಮೇಲೆ ಸೇರುವುದು ವಾಡಿಕೆ. ಖಾಯಂ ಬರುವವರು ನಾಲ್ವರು: ಅಂಗಡಿಯ ಸಾಹೇಬರು, ನಮ್ಮ ಹತ್ತಿ ಸಾಹುಕಾರರು, ಒಬ್ಬ ವಕೀಲರು, ಮತ್ತು ಎತ್ತಿನ ಓಟದಲ್ಲಿ ಹೆಸರು ಮಾಡಿದ ಹೊಳಲ್ಕೆರೆ ಕಡೆಯ ವಯಸ್ಸಾದ ಗೌಡರು. ಗೌಡರಿಗೆ ಮೋಟಾರು ಇರಲಿಲ್ಲ. ಅಭಿಪ್ರಾಯ ಮಾತ್ರ ಉಳಿದ ಮೂವರಿಗಿಂತ ಹೆಚ್ಚಿತ್ತು. ನಾನು ಸಾಹುಕಾರರ ಮಂಡಿಯಲ್ಲಿ ಗುಮಾಸ್ತ. ಯಾವ ಗಾಡಿ ಎಲ್ಲಿ ಕೆಟ್ಟಿತು, ಯಾವ ಟೈರು ಎಷ್ಟು ಸಲ ಪಂಕ್ಚರ್ ಆಯಿತು ಎಂದು ಗುರುತು ಹಾಕಿಡುವ ಅಭ್ಯಾಸ ನನಗಿದ್ದುದರಿಂದ, ವಾದ ಬಿಸಿಯಾದಾಗ ನನ್ನನ್ನು ಕೇಳುತ್ತಿದ್ದರು.

ವಕೀಲರು ಇಂಗ್ಲಿಷ್ ಪತ್ರಿಕೆ ತರಿಸುತ್ತಿದ್ದರು. ಒಂದು ಸಂಜೆ ಅಮೇರಿಕದ ಮೋಟಾರು ಓಟದ ಸುದ್ದಿ ಓದಿ ಹೇಳಿದರು.

"ದುಂಡಗೆ ದಾರಿ ಕಟ್ಟಿದಾರಂತೆ ಗೌಡ್ರೇ. ಪೂರಾ ಹಲಗೆ ಹಾಸಿದ ದಾರಿ. ಅದರ ಮೇಲೆ ನೂರಾರು ಸುತ್ತು ಓಡಬೇಕು."

"ಸುತ್ತೋದಾ?" ಎಂದರು ಗೌಡರು. "ಸುತ್ತೋಕೆ ಗಾಣದೆತ್ತು ಸಾಕಲ್ಲ. ಹೋದ ದಾರೀಲೇ ಮತ್ತೆ ಮತ್ತೆ ಹೋದ್ರೆ ಅದ್ಯಾವ ಸೀಮೆ ಓಟರೀ?"

"ಅರೆ, ಅದರ ಜೋರು ನೋಡ್ರಿ ಗೌಡ್ರೇ," ಎಂದರು ಸಾಹೇಬರು. "ಒಂದು ಟೈರ್ ಒಡೀತೋ, ಆಳೇ ಖತಂ."

"ಹಲಗೆ ಮ್ಯಾಲೆ ಓಡೋಕೆ ಏನ್ ಜೋರು ಬೇಕು? ನಮ್ ಸೊಸೆನೂ ಓಡ್ತಾಳೆ. ನಮ್ಮ ಹಿರಿಯೂರು ರಸ್ತೆ ಮ್ಯಾಲೆ ಓಡಿಸ್ಲಿ, ಆಗ ಗಂಡಸು ಅಂತೀನಿ."

ಹಿರಿಯೂರು ರಸ್ತೆಯ ಮಾತು ಹೀಗೆ ಮೊದಲಾಯಿತು. ಸಾಹುಕಾರರದು ಎತ್ತರದ ಚಕ್ರದ, ಹಗುರಾದ ಅಮೇರಿಕದ ಗಾಡಿ. ವಕೀಲರದು ತಗ್ಗಾದ, ಭಾರದ ಇಂಗ್ಲೆಂಡಿನ ಗಾಡಿ. ಎರಡರಲ್ಲಿ ಯಾವುದು ಮೇಲು ಎಂಬುದು ಆ ಜಗಲಿಯಲ್ಲಿ ಎಂದೂ ಮುಗಿಯದ ವ್ಯಾಜ್ಯ.

"ನಿಮ್ಮದು ಕುದುರೆ ಮರಿ ಸಾಹುಕಾರ್ರೇ, ಬರೀ ಕುಣಿಯುತ್ತೆ. ನಮ್ಮದು ಆನೆ. ಒಂದು ಸಲ ಹೊರಟರೆ ಹೊರಟಂತೆ."

"ಆನೆ ಗುಂಡಿಗೆ ಬಿದ್ರೆ ಎತ್ತೋಕೆ ಇನ್ನೊಂದು ಆನೆ ಬೇಕು ವಕೀಲ್ರೇ. ನಮ್ ಗಾಡಿ ಹೊಲದಾಗೂ ಹೋಗ್ತೈತೆ. ಮೊನ್ನೆ ಧರ್ಮಪುರದ ತಂಕ ಶೇಂಗಾ ಹೊಲದ ಬದುವಿನ ಮ್ಯಾಲೇ ಹೋಗಿ ಬಂದೀವಿ. ಕೇಳ್ರಿ ನಮ್ ಡ್ರೈವರ್‌ನ."

ಡ್ರೈವರ್ ಎಂದರೆ ನನ್ನ ಮಾವ. ಅವನು ಜಗಲಿಯ ಮೇಲೆ ಕೂರದೆ ಗಾಡಿಗೆ ಒರಗಿ ನಿಂತು ಕೇಳುತ್ತಿದ್ದ. ನಮ್ಮದು ಕುರಿಗಾರರ ವಂಶ, ಮತ್ತೋಡಿನ ಕಡೆಯವರು. ಮೀಸೆ ಮೂಡುವವರೆಗೂ ಮಾವ ಮಂದೆಯ ಹಿಂದೆಯೇ ಬೆಳೆದವನು. ಸಾಹುಕಾರರ ಗಾಡಿಯನ್ನು ಬಹಳ ದಿನ ತೊಳೆದು ಒರೆಸಿ, ಹಳೆಯ ಡ್ರೈವರಿನ ಬೈಗುಳ ತಿಂದು, ಕೊನೆಗೆ ಸ್ಟೀರಿಂಗ್ ಹಿಡಿದ. ನಮ್ಮ ಜನರಲ್ಲಿ ಮೋಟಾರು ಓಡಿಸಿದವರು ಅವನಿಗಿಂತ ಮೊದಲು ಯಾರೂ ಇರಲಿಲ್ಲ. ಅವನು ಹಾರನ್ ಒತ್ತಿಕೊಂಡು ಊರಿಗೆ ಬಂದ ದಿನ ನನ್ನ ಅವ್ವ ಆರತಿ ಎತ್ತಿದ್ದು ನನಗೆ ನೆನಪಿದೆ.

ಪಂದ್ಯದ ಕಟ್ಟಳೆಯನ್ನು ನಾಲ್ವರೂ ಕೂತು ಮಾಡಿದರು. ಸೂರ್ಯ ಹುಟ್ಟುವಾಗ ದುರ್ಗದಿಂದ ಹೊರಡಬೇಕು. ಹಿರಿಯೂರಿನ ಹೊಳೆಯ ಸೇತುವೆಗೆ ಈಚೆ ಹಗ್ಗ ಕಟ್ಟಿರುತ್ತದೆ. ಮೊದಲು ಹಗ್ಗ ಮುಟ್ಟಿದ ಗಾಡಿ ಗೆದ್ದಂತೆ. ನಾಲ್ವರೂ ಹಿಂದಿನ ಸಂಜೆಯೇ ಕುದುರೆ ಗಾಡಿಯಲ್ಲಿ ಹೋಗಿ ಅಲ್ಲಿ ಕಾಯುವುದು, ತೀರ್ಪು ಸಾಹೇಬರದು. ಭಾರ ಹೆಚ್ಚಾಗುತ್ತದೆಂದು ವಕೀಲರು ತಮ್ಮ ಗಾಡಿಯಲ್ಲಿ ಬೆಂಗಳೂರಿನಿಂದ ತಂದ ಡ್ರೈವರ್ ಒಬ್ಬನನ್ನೇ ಬಿಟ್ಟರು. ನಮ್ಮ ಗಾಡಿಯ ರೇಡಿಯೇಟರಿಗೆ ದಾರಿಯಲ್ಲಿ ನೀರು ಹಾಕಲು ಒಬ್ಬರು ಬೇಕಿತ್ತು. ನಾನು ಹೋದೆ.

ಹಿಂದಿನ ಸಂಜೆ ಹಿರಿಯೂರಿಗೆ ಹೊರಡುವ ಮುಂಚೆ ಸಾಹುಕಾರರು ಮಾವನಿಗೆ ಹೇಳಿದರು: "ಬರೋ ವರ್ಷ ಹೊಸ ಗಾಡಿ ತರಿಸ್ತೀನಿ. ಗೆದ್ದು ಬಾ, ಅದೂ ನಿನ್ನ ಕೈಗೇ."

ಮಾವ ಆ ರಾತ್ರಿ ಉಣ್ಣಲಿಲ್ಲ.

ಬೆಳಿಗ್ಗೆ ಶಾಲೆಯ ಮೇಷ್ಟ್ರೊಬ್ಬರು ಕರವಸ್ತ್ರ ಬೀಸಿದರು. ಜೋಗಿಮಟ್ಟಿಯ ಮೇಲಿನ ಮಂಜು ಇನ್ನೂ ಇಳಿದಿರಲಿಲ್ಲ. ಮೊದಲ ಹರಿದಾರಿಯಲ್ಲಿ ವಕೀಲರ ಗಾಡಿ ಮುಂದಿತ್ತು. ಅದರ ಧೂಳು ನಮ್ಮ ಬಾಯಲ್ಲಿತ್ತು. ಏರುಗಳು ಬಂದ ಮೇಲೆ ಅದರ ಉಸಿರು ಸಣ್ಣದಾಯಿತು. ಐಮಂಗಲ ಮುಟ್ಟುವ ಮೊದಲೇ ಮಾವ ಅದನ್ನು ಹಿಂದೆ ಹಾಕಿದ. ಐಮಂಗಲದಲ್ಲಿ ನಾನು ನೀರು ಹಾಕಿದಾಗಲೂ ಅದು ಕಣ್ಣಿಗೆ ಬೀಳಲಿಲ್ಲ.

"ಗೆದ್ವಿ ಮಾವ," ಎಂದೆ.

"ಬಾಯ್ ಮುಚ್ಕೊಂಡ್ ಕುಂತ್ಕ ಅಳಿಯ. ದೃಷ್ಟಿ ತಾಕೀತು," ಎಂದು ನಕ್ಕ.

ಐಮಂಗಲ ದಾಟಿ ಸ್ವಲ್ಪ ದೂರದಲ್ಲಿ ರಸ್ತೆ ಇಳಿಜಾರಾಗುತ್ತದೆ. ಅಲ್ಲಿ ಕುರಿಮಂದೆಯೊಂದು ಪೂರ್ವದ ಕಡೆಯಿಂದ ಬಂದು ರಸ್ತೆ ದಾಟುತ್ತಿತ್ತು. ಗಂಟೆ ಕಟ್ಟಿದ ಹೋತ ಆಚೆ ಮುಟ್ಟಿತ್ತು, ಅರ್ಧ ಮಂದೆ ಇನ್ನೂ ಈಚೆ ಇತ್ತು. ಮಾವ ಬ್ರೇಕು ಹಾಕಿ ಇಂಜಿನನ್ನೇ ನಿಲ್ಲಿಸಿದ.

ಕುರಿ ಕಾಯದವರಿಗೆ ಇದನ್ನು ವಿವರಿಸಬೇಕು. ದಾಟುವ ಮಂದೆ ಮುಂದಿನದರ ಹಿಂದೆ ಹಿಂದಿನದು ಎಂದು ನೂಲಿನಂತೆ ಎಳೆದುಕೊಂಡು ಹೋಗುತ್ತದೆ. ನಡುವೆ ಮುರಿದರೆ ಹಿಂದಿನ ಭಾಗ ಬೆದರಿ ಬಂದ ದಾರಿಗೇ ತಿರುಗುತ್ತದೆ. ಆಚೆ ಹೋದ ತಾಯಿಗಳು ಮರಿಗಾಗಿ ವಾಪಸ್ಸು ನುಗ್ಗುತ್ತವೆ. ಎರಡೂ ಎದುರುಬದುರಾಗಿ ಮರಿಗಳು ಕಾಲ ಕೆಳಗೆ ಸಿಗುತ್ತವೆ. ಅದಕ್ಕೇ ಮಂದೆ ಮುರಿಯಬಾರದು ಎಂಬುದು ನಮ್ಮವರಲ್ಲಿ ಕಟ್ಟು. ಹೆಣ ಹೊತ್ತವರೂ ನಿಂತು ದಾಟಲು ಬಿಡುತ್ತಾರೆ. ಇಂಜಿನಿನ ಸದ್ದಿಗೂ ಮರಿಗಳು ಬೆದರುತ್ತವೆಂದು ಮಾವ ಅದನ್ನು ನಿಲ್ಲಿಸಿದ್ದು. ಮತ್ತೆ ಹ್ಯಾಂಡಲ್ ತಿರುವಿ ಎಬ್ಬಿಸುವುದು ಎಷ್ಟು ಕಷ್ಟವೆಂದು ಅವನಿಗೆ ಗೊತ್ತಿತ್ತು.

ಮಂದೆಯ ಹಿಂದೆ ಒಬ್ಬ ಕುರಿಗಾರ, ಜೊತೆಗೆ ಅವನ ತಾಯಿಯಿರಬೇಕು, ಒಬ್ಬ ಮುದುಕಿ ಇದ್ದರು.

"ಯಾವ ಕಡೆಗೆ?" ಎಂದು ಮಾವ ಕೂಗಿದ.

"ಧರ್ಮಪುರದಿಂದ ಬಂದ್ವಿ. ಹೊಸದುರ್ಗದ ಕಡೆ ಹೊಲದಾಗೆ ಗೊಬ್ಬರಕ್ಕೆ ಮಂದೆ ನಿಲ್ಲಿಸಬೇಕು," ಎಂದ ಅವನು.

ಆಗ ಹಿಂದಿನಿಂದ ಹಾರನ್ ಕೇಳಿತು. ವಕೀಲರ ಗಾಡಿ ಇಳಿಜಾರಿನಲ್ಲಿ ಬರುತ್ತಿತ್ತು. ಮಾವ ಕೆಳಗೆ ಹಾರಿ ಎರಡೂ ಕೈ ಚಾಚಿ, "ನಿಲ್ಸು, ನಿಲ್ಸಪ್ಪಾ, ಮಂದೆ ಐತೆ!" ಎಂದು ಕೂಗಿದ. ಆ ಡ್ರೈವರ್ ನಿಲ್ಲಿಸದೆ ರಸ್ತೆಯ ಅಂಚಿಗಿಳಿದು ಮಂದೆಯನ್ನು ಸೀಳಿಕೊಂಡು ಹೋದ. ಚಕ್ರಕ್ಕೆ ಒಂದು ಕುರಿ ಸಿಕ್ಕಿತು. ಅವನು ಒಂದು ಸಲ ತಿರುಗಿ ನೋಡಿದ. ಅವನ ಮುಖ ನಾನು ಕಂಡಿದ್ದೇನೆ.

ಹಿಂದಿನ ಅರ್ಧ ಬೆದರಿ ಜಾಲಿಗಿಡಗಳ ಕಡೆ ಚೆದುರಿತು. ಮುದುಕಿ ರಸ್ತೆಯಲ್ಲೇ ಕೂತುಬಿಟ್ಟಳು. ಮಾವ ಗಾಡಿಯನ್ನು ಮರೆತವನಂತೆ ಕುರಿಗಾರನ ಜೊತೆ ಓಡಿದ. ಅವನ ಬಾಯಿಂದ ಮಂದೆ ಕೂಡಿಸುವ ಆ ಹಳೆಯ ಕೂಗು ಹೊರಟದ್ದನ್ನು ನಾನು ಅಷ್ಟು ವರ್ಷಗಳ ಮೇಲೆ ಕೇಳಿದೆ. ಕುರಿಗಳು ಅವನ ಕೂಗಿಗೂ ಬಂದವು. ಚಕ್ರಕ್ಕೆ ಸಿಕ್ಕಿದ್ದ ಕುರಿಯ ಕಾಲು ಮುರಿದಿತ್ತು. ಮಾವ ತನ್ನ ಪೇಟದ ಚುಂಗು ಹರಿದು, ಬಿದಿರಿನ ಸೀಳು ಇಟ್ಟು ಕಟ್ಟಿದ. ಇಷ್ಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಆ ದಾರಿಯಲ್ಲಿ ಬೇರೆ ಯಾರೂ ಬರಲಿಲ್ಲ. ಕುರಿಗಾರನ ಹೆಸರು ನಾವು ಕೇಳಲಿಲ್ಲ. ಅಂಥ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ.

ನಾವು ಹಿರಿಯೂರು ಮುಟ್ಟುವ ಹೊತ್ತಿಗೆ ವಕೀಲರ ಗಾಡಿ ಹೊಳೆಯ ನೀರಿನಲ್ಲಿ ನಿಂತಿತ್ತು. ಗೆದ್ದ ಎತ್ತನ್ನು ಮೊದಲು ಹೊಳೆಗಿಳಿಸಿ ಮೈತೊಳೆದು, ಆಮೇಲೆ ಅರಿಸಿನ ಕುಂಕುಮ ಹಚ್ಚಬೇಕು. ಇದು ಎತ್ತಿನ ಓಟದವರ ಪದ್ಧತಿ. ಗೆದ್ದ ಮೋಟಾರಿಗೂ ಹಾಗೇ ಆಗಬೇಕೆಂದು ಗೌಡರು ಹಟ ಹಿಡಿದಿದ್ದರು. ಹತ್ತು ಜನ ತಳ್ಳಿ ಗಾಡಿಯನ್ನು ತೆಳುನೀರಿಗೆ ಇಳಿಸಿದ್ದರು. ಗೌಡರು ಪಂಚೆ ಮೇಲೆ ಕಟ್ಟಿ, ತೆಂಗಿನ ನಾರಿನಿಂದ ಚಕ್ರಗಳನ್ನು ತಾವೇ ಉಜ್ಜುತ್ತಿದ್ದರು.

"ಎಲ್ಲಿ ಮಲಗಿದ್ಯಪ್ಪ?" ಎಂದರು ಸಾಹುಕಾರರು.

"ಐಮಂಗಲದಾಚೆ ಕುರಿಮಂದೆ ಅಡ್ಡ ಬಂತು ಸಾಹುಕಾರ್ರೇ. ಇವನು ಮಂದೆ ಮುರಿದು ಬಂದ. ಒಂದು ಕುರಿ ಕಾಲು ಹೋತು."

ಬೆಂಗಳೂರಿನ ಡ್ರೈವರ್ ತಲೆ ಒರೆಸಿಕೊಳ್ಳುತ್ತ ಹೇಳಿದ: "ಯಾವ ಮಂದೆ? ನನ್ ಕಣ್ಣಿಗೆ ಒಂದು ಮರೀನೂ ಬೀಳ್ಲಿಲ್ಲ. ಇವರ ಗಾಡಿ ನೀರು ಕುದ್ದು ನಿಂತಿತ್ತು. ಮಾವ ಅಳಿಯ ಇಬ್ರೂ ಮುಂದ್ಗಡೆ ಮುಚ್ಚಳ ಎತ್ತಿ ನೋಡ್ತಾ ನಿಂತಿದ್ರು."

ನಾನು ನೀರಿಗಿಳಿದು ಚಕ್ರ ನೋಡಿದೆ. ಕಡ್ಡಿಗಳು ಹೊಳೆಯುತ್ತಿದ್ದವು.

"ಗೌಡ್ರೇ, ತೊಳಿಯುವಾಗ ಉಣ್ಣೆ ಏನಾದ್ರೂ ಕಂಡ್ರಾ?"

"ನೋಡ್ಲಿಲ್ಲ ಕಣಪ್ಪ. ಕೆಸರು ಇತ್ತು, ಉಜ್ಜಿದೆ. ಗೆದ್ದ ಖುಷೀಲಿ ಯಾರ್ ನೋಡ್ತಾರೆ?"

ಮಾವ ಹರಿದ ಪೇಟ ತೋರಿಸಿದ. "ಪೇಟ ಹರಿಯೋಕೆ ಕುರಿ ಬೇಕಾ?" ಎಂದು ಯಾರೋ ಅಂದರು, ಜನ ನಕ್ಕರು. ನಾನು ಕಂಡದ್ದನ್ನು ಹೇಳಿದೆ. ವಕೀಲರು ಸೌಮ್ಯವಾಗಿಯೇ, "ನೀನು ಅವನ ಅಕ್ಕನ ಮಗ. ಮನೆಯವರ ಸಾಕ್ಷಿ ಯಾವ ಕೋರ್ಟಿನಲ್ಲೂ ನಿಲ್ಲೋದಿಲ್ಲಪ್ಪ," ಎಂದರು. ಸಾಹೇಬರು ಬಹಳ ಹೊತ್ತು ಮಾವನ ಮುಖ ನೋಡಿದರು. ಕೊನೆಗೆ, "ನಾನು ಹಗ್ಗದ ಹತ್ರ ಇದ್ದೋನು. ಹಗ್ಗ ಅಂದ್ರೆ ಹಗ್ಗ," ಎಂದು ತೀರ್ಪು ಕೊಟ್ಟರು. ಅವರ ಮಾತಿನಲ್ಲಿ ತಪ್ಪಿಲ್ಲ.

ಸಾಹುಕಾರರು ಹಿಂತಿರುಗುವಾಗ ಸ್ಟೀರಿಂಗ್ ತಾವೇ ಹಿಡಿದರು. ದುರ್ಗದಲ್ಲಿ ಇಳಿದ ಮೇಲೆ ಮಾವನಿಗೆ ಹೇಳಿದ್ದು ಇಷ್ಟು: "ಸೋತಿದ್ದಕ್ಕೆ ನಂಗೇನೂ ಬೇಜಾರಿಲ್ಲ. ನಾಲ್ಕು ಜನದ ಮುಂದೆ ನನ್ ಡ್ರೈವರ್ ಕತೆ ಕಟ್ದ ಅಂತಾತಲ್ಲ, ಅದನ್ನ ನುಂಗೋಕೆ ಆಗಲ್ಲ. ನಾಳೆಯಿಂದ ಎತ್ತಿನ ಗಾಡಿ ಹಿಡಿ."

ಈಗ ಜಗಲಿಯಲ್ಲಿ ಯಾರಾದರೂ ತಡವಾಗಿ ಬಂದರೆ, "ಏನಪ್ಪ, ಮಂದೆ ಅಡ್ಡ ಬಂತಾ?" ಎಂದು ಕೇಳುತ್ತಾರೆ. ಎಲ್ಲರೂ ನಗುತ್ತಾರೆ. ಮಾವನ ಎತ್ತಿನ ಗಾಡಿ ಮಂಡಿಗೆ ಹೋಗುವುದು ಆ ಜಗಲಿಯ ಮುಂದೆಯೇ.

ಆ ಕುರಿಗಾರನನ್ನು ಹುಡುಕಲು ನಾನು ಹೊರಟೆ. ರಜೆ ಸಿಕ್ಕಾಗಲೆಲ್ಲ ಹೋದೆ: ಮತ್ತೋಡು, ಹೊಸದುರ್ಗದ ಸುತ್ತಿನ ಹಳ್ಳಿಗಳು, ಹೊಳಲ್ಕೆರೆ, ಜೋಗಿಮಟ್ಟಿಯ ತಪ್ಪಲು, ಕೊನೆಗೆ ಧರ್ಮಪುರ. ಇದುವರೆಗೆ ಮೂವತ್ತೆರಡು ಮಂದೆಯವರನ್ನು ಕೇಳಿದ್ದೇನೆ. ಪುಷ್ಯದಲ್ಲಿ ಐಮಂಗಲದ ಹತ್ತಿರ ರಸ್ತೆ ದಾಟಿದಿರಾ, ಕಾಲು ಕಟ್ಟಿದ ಕುರಿ ಇತ್ತೇ ಎಂದು ಕೇಳಿ, ಉತ್ತರ ಬರೆದುಕೊಂಡಿದ್ದೇನೆ. ಎಲ್ಲರ ಉತ್ತರವೂ ಒಂದೇ: "ನಮ್ದಲ್ಲ ಸ್ವಾಮಿ."

ಧರ್ಮಪುರದಲ್ಲಿ ಒಬ್ಬ ಅಜ್ಜಿ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು: "ಕೋಟು ಹಾಕ್ಕಂಡು, ಪೆನ್ಸಿಲ್ ಹಿಡ್ಕಂಡು, ಅಮಲ್ದಾರ್ರ ಕಚೇರಿಯೋನಂಗೆ ಬಂದೀಯ. ರಸ್ತೆಗೆ ಕುರಿ ಬಿಟ್ಟಿದ್ರಾ ಅಂತ ಕೇಳ್ತೀಯ. ಬಿಟ್ಟಿದ್ವಿ ಅಂತ ಹೇಳಿ ದಂಡ ಯಾರ್ ಕಟ್ತಾರಪ್ಪ?"

ನಾನೂ ನಿಮ್ಮವನೇ ಎಂದೆ. ಅವಳು ನನ್ನ ಬೂಟು ನೋಡಿ ಕುರಿಗಳ ಕಡೆ ಹೋದಳು.

ಮನೆಗೆ ಬಂದು ಮಾವನಿಗೆ, ನೀನೇ ಬಾ, ನಿನ್ನ ಗುರುತು ಅವರಿಗೆ ಸಿಗುತ್ತದೆ, ಇಬ್ಬರೂ ಹೋಗೋಣ ಎಂದೆ. ಅವನು ಎತ್ತಿನ ಕೊರಳ ಹಗ್ಗ ಸಡಿಲಿಸುತ್ತಿದ್ದ.

"ಹೆದರಿ ಇಲ್ಲ ಅಂತಾವ್ರೆ. ನಾನು ಹೋಗಿ ಹೌದು ಅನ್ನಿಸ್ಲಾ? ಅವತ್ತು ಅವರ ಮಂದೆ ಮುರಿದಿದ್ದು ಸಾಲ್ದಾ?"

"ನಿನ್ನ ಮರ್ಯಾದೆ ಹೋತಲ್ಲ ಮಾವ."

"ಹೋತು," ಎಂದ. ಆಮೇಲೆ ಎತ್ತಿಗೆ ಹುಲ್ಲು ಹಾಕಿದ.

ಸಾಹುಕಾರರು ಕೆಟ್ಟವರಲ್ಲ. ಮೊನ್ನೆ ಮಂಡಿಯಲ್ಲಿ ನನ್ನನ್ನು ಕರೆದು, ಯುಗಾದಿಗೆ ಹೊಸ ಗಾಡಿ ಬರುತ್ತದೆ ಎಂದರು. ನಂಟನಲ್ಲದವನು ಒಬ್ಬನೇ ಒಬ್ಬ ಬಂದು ಆ ಮಂದೆ ಕಂಡೆ ಎಂದರೆ, ಎಲ್ಲರ ಮುಂದೆ ಅದರ ಬೀಗದ ಕೈ ನಿನ್ನ ಮಾವನಿಗೆ ಕೊಡುತ್ತೇನೆ ಎಂದರು. ಇಲ್ಲದಿದ್ದರೆ ಬೆಂಗಳೂರಿನಿಂದ ಡ್ರೈವರ್ ಬರುತ್ತಾನೆ. ಮಾವನಿಗೆ ಈ ಮಾತು ತಿಳಿಸಿಲ್ಲ. ಇದನ್ನು ಬರೆಯುವುದಕ್ಕೂ ಅವನ ಒಪ್ಪಿಗೆ ಕೇಳಿಲ್ಲ.

ಆದ್ದರಿಂದ, ಕಳೆದ ವರ್ಷದ ಪುಷ್ಯದಲ್ಲಿ ಒಂದು ಬೆಳಿಗ್ಗೆ ಐಮಂಗಲದಾಚೆಯ ಇಳಿಜಾರಿನಲ್ಲಿ ಆ ಮಂದೆಯನ್ನು ದೂರದಿಂದಲಾದರೂ ಕಂಡವರು, ಆ ತಾಯಿ ಮಗನನ್ನು ಬಲ್ಲವರು, ಇದು ಅಚ್ಚಾದ ಪತ್ರಿಕೆಯ ಮೂಲಕ ಎರಡು ಸಾಲು ಬರೆಯಬೇಕೆಂದು ಬೇಡುತ್ತೇನೆ. ಕುರಿಗಾರರಿಗೆ ಪತ್ರಿಕೆ ತಲುಪುವುದಿಲ್ಲ. ನಿಮ್ಮ ಹೊಲದಲ್ಲಿ ಮಂದೆ ನಿಲ್ಲಿಸಿಕೊಂಡಿದ್ದರೆ, ಬುತ್ತಿ ಬಿಚ್ಚುವ ಹೊತ್ತಿಗೆ ಅವರ ಪಕ್ಕದಲ್ಲಿ ಕೂತು ಕೇಳಿನೋಡಿ. ಇಲ್ಲ ಅಂದರೆ ಒತ್ತಾಯ ಮಾಡಬೇಡಿ.