ದಾರ ಉದ್ದ ಮಾಡಿದ್ದು ನಾನೇ

ಅವ್ವನ ಎಡ ಎದೆಯಲ್ಲಿ ಗಂಟು ಕಂಡಾಗ ಅವಳು ದೂರಿದ್ದು ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು. “ಬಗ್ಗಿ ಕಸಾ ತಗಿಯೂಮುಂದ ತಿಕ್ಕತೈತಿ. ಅದಕ್ಕ ಗಂಟಾಗೇತಿ” ಎಂದಳು. ನಮ್ಮ ಬೆಲ್ಲದ ಬಾಗೇವಾಡಿಯ ಮನೆಯಲ್ಲಿ ಆ ಮಾತನ್ನು ಯಾರೂ ಅನುಮಾನಿಸಲಿಲ್ಲ. ಹಗಲೂ ರಾತ್ರಿ ಎದೆಯ ಮೇಲಿರುವುದು ಅದೊಂದೇ ತಾನೆ? ಅವಳು ಹೇಳಿದಂತೆ ನಾನೇ ಹಳೆಯ ಶಿವದಾರ ಬಿಚ್ಚಿ, ಅದಕ್ಕಿಂತ ನಾಲ್ಕು ಬೆರಳು ಹೆಚ್ಚು ಉದ್ದದ ಹೊಸ ದಾರ ಕಟ್ಟಿದೆ. ಹುಕ್ಕೇರಿಯ ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುವ ಮಹಾಪಂಡಿತೆ ನಾನು! ಕರಡಿಗೆ ಕೆಳಗಿಳಿಯಿತು, ಗಂಟು ಇಳಿಯಲಿಲ್ಲ. ಹೀಗೆ ಐದು ತಿಂಗಳು ಕಳೆದವು.

ಗೋಕಾಕದ ಡಾಕ್ಟರಮ್ಮ ಮುಟ್ಟಿ ನೋಡಿದವರೇ ಬೆಳಗಾವಿಗೆ ಚೀಟಿ ಬರೆದರು. ಅಲ್ಲಿಯ ಡಾಕ್ಟರರು, ಮೊದಲೇ ಬಂದಿದ್ದರೆ ಗಂಟಷ್ಟೇ ತೆಗೆಯಬಹುದಿತ್ತು, ಈಗ ಎದೆಯನ್ನೇ ತೆಗೆಯಬೇಕು ಎಂದರು.

ಅವರು ಇನ್ನೊಂದು ಮಾತನ್ನೂ ಹೇಳಿದರು. ಔಷಧೋಪಚಾರವೆಲ್ಲ ಮುಗಿದ ಮೇಲೆ ಹೊಟ್ಟೆಯ ಚರ್ಮ, ಕೊಬ್ಬು ತೆಗೆದು ಎದೆಯನ್ನು ಮತ್ತೆ ಕಟ್ಟಬಹುದಂತೆ. ಅವ್ವ ಬಾಯಿ ತೆರೆಯುವುದರೊಳಗೆ ನಾನು, “ಈ ವಯಸ್ಸಿಗೆ ಅದೆಲ್ಲಾ ಯಾಕ್ರಿ? ಜೀವ ಉಳದ್ರ ಸಾಕು” ಎಂದೆ. ಅವ್ವನಿಗೆ ಆಗ ಐವತ್ತೆಂಟು. ಅವಳು ಗೋಡೆ ನೋಡುತ್ತ ಕುಳಿತಳು.

ಆಪರೇಶನ್ನಿನ ದಿನ ಅವ್ವ ಲಿಂಗ ತೆಗೆಯಲು ಒಪ್ಪಲೇ ಇಲ್ಲ. ಕೊನೆಗೆ ಸಿಸ್ಟರ್ ಒಬ್ಬಳು ಕರಡಿಗೆಯಿಂದ ಲಿಂಗವನ್ನು ಹೊರತೆಗೆಸಿ, ಶುಭ್ರ ಬಟ್ಟೆಯಲ್ಲಿ ಸುತ್ತಿ ಬಲತೋಳಿಗೆ ಕಟ್ಟಿದಳು. “ನಮ್ಮಮ್ಮನೂ ಹಿಂಗ ಹಟಾ ಮಾಡತಿದ್ಲು” ಎಂದು ನಕ್ಕಳು. ಆ ಹುಡುಗಿಯ ಹೊಟ್ಟೆ ತಣ್ಣಗಿರಲಿ.

ಕೀಮೋ ಮುಗಿಯಿತು. ಅವ್ವನ ತಲೆಯಲ್ಲಿ ಕೂದಲು ಚಿಗುರಿತು. ಮೂಡಲಗಿಯಲ್ಲಿ ನನ್ನ ಸೋದರತ್ತೆಯ ಮಗಳು ಚೊಚ್ಚಲ ಬಸುರಿ. ಅವಳ ಕುಬಸದ ಶಾಸ್ತ್ರಕ್ಕೆ ಹೊರಟೆವು. ಅವ್ವ ಸೆರಗಿಗೆ ಮೂರು ಸಲ ಪಿನ್ನು ಹಾಕಿ, ಮೂರು ಸಲ ತೆಗೆದು, ಕಾಟಿನ ಮೇಲೆ ಕುಳಿತುಬಿಟ್ಟಳು.

“ನೀ ಹೋಗಿ ಬಾ. ನಾ ಒಲ್ಲೆ.”

“ಯಾರ್ ನೋಡ್ತಾರ ಬೇ?”

“ನಾ ನೋಡ್ತೇನಲ್ಲ.”

ಅವ್ವ ಕೊರಳ ಕರಡಿಗೆ ಹಿಡಿದು ತೋರಿಸಿದಳು. “ಬಗ್ಗಿದ್ರ ಲಿಂಗ ಎಡಕ್ಕ ಜಾರತೈತಿ. ದಾರ ಗಿಡ್ಡ ಮಾಡು.”

ಬಿಚ್ಚಲು ಕುಳಿತೆ. ನಾನೇ ಹಾಕಿದ ಗಂಟು, ಬಿಗಿದುಕೊಂಡಿತ್ತು. ಉಗುರಿನಿಂದ ಕೀಳುತ್ತ ಅತ್ತುಬಿಟ್ಟೆ. “ತಪ್ಪು ನಂದ ಐತಿ ಯವ್ವಾ. ಅವತ್ತ ದವಾಖಾನಿಗೆ ಕರಕೊಂಡ್ ಹೋಗಬೇಕಿತ್ತು.”

“ದಾರ ಕಟ್ಟಂದಾಕಿ ನಾನ. ಅದನ್ನ ಬಿಡು” ಎಂದಳು ಅವ್ವ. “ಆದ್ರ ಡಾಕ್ಟರ್ ಮುಂದ ನನ್ನ ಮಾತು ನೀ ಯಾಕ ಆಡಿದಿ?”

ಆ ಪ್ರಶ್ನೆ ಅವಳ ಹೊಟ್ಟೆಯಲ್ಲಿ ಎಷ್ಟು ದಿನದಿಂದ ಇತ್ತೋ. ದಾರ ಗಿಡ್ಡ ಮಾಡಿ ಕಟ್ಟಿದೆ. ಇಬ್ಬರೂ ಕುಬಸಕ್ಕೆ ಹೋಗಲಿಲ್ಲ.

ಮುಂದಿನ ತಿಂಗಳು ಬೆಳಗಾವಿಯಲ್ಲಿ ಡಾಕ್ಟರರು ವರದಿ ನೋಡಿ, ಎಲ್ಲ ಚೆನ್ನಾಗಿದೆ ಎಂದರು. “ಮತ್ತ ಎದಿ ಕಟ್ಟೋ ವಿಚಾರ ಏನ್ ಮಾಡಿದ್ರಿ?” ಎಂದು ಎಂದಿನಂತೆ ನನ್ನ ಕಡೆಗೇ ನೋಡಿದರು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಅವ್ವ ಕುರ್ಚಿಯನ್ನು ಮುಂದಕ್ಕೆಳೆದಳು.

“ಇಲ್ಲೆ ನೋಡ್ರಿ ಸಾಹೇಬ್ರ, ನನ್ನ ಕೇಳ್ರಿ. ಹೊಟ್ಟಿ ಬೇಕಾದಷ್ಟೈತಿ, ತಗೋರಿ. ನನಗ ಬೇಕು.”