ಹೆಂಗಸರಿಗೆ ಬಾರದ ಕಾಯಿಲೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಸಿಡುಕಿ ಎಂದೇ ಕರೆಯುತ್ತಿದ್ದರು. ಹೆಸರಿಗೆ ತಕ್ಕವಳೇ. ಇಪ್ಪತ್ತೆರಡು ವರ್ಷದಿಂದ ರೋಗಿಗಳ ಹೊದಿಕೆ ಒಗೆದವಳು. ನೀರು ಕುಡಿದು ಹೆಣಭಾರವಾದ ಹೊದಿಕೆಗಳನ್ನು ಮೆಷಿನ್ನಿಂದ ಎಳೆದು ಗಾಡಿಗೆ ಎತ್ತಿ ಹಾಕುವ ಕೆಲಸ. ಸೊಂಟ ಬಿದ್ದುಹೋಗುವಾಗ ಕೋಪ ಬರದೆ ಇನ್ನೇನು ನಗು ಬಂದೀತೇ?

ಬಲ ತೊಡೆಯ ಸಂದಿಯಲ್ಲಿ, ಮಡಿಕೆಗೆ ತುಸು ಕೆಳಗೆ, ಗೋಲಿಯಷ್ಟು ಗಂಟು ಕಂಡಾಗ ಅವಳು ಹೇಳಿದ್ದು ಅತ್ತಿಗೆಗೆ. ಅಣ್ಣನ ಹೆಂಡತಿ, ಅದೇ ಲಾಂಡ್ರಿಯಲ್ಲಿ ಬಟ್ಟೆ ಮಡಿಸುವವಳು, ಇವಳನ್ನು ಕೆಲಸಕ್ಕೆ ಸೇರಿಸಿದವಳೂ ಅವಳೇ.

"ಭಾರ ಎತ್ತೋರಿಗೆಲ್ಲ ಇದ್ದದ್ದೇ. ಒಳಗೆ ಒತ್ತಿ ಪಟ್ಟಿ ಕಟ್ಟು," ಎಂದಳು ಅತ್ತಿಗೆ.

"ಹರ್ನಿಯಾ ಇರಬಹುದಾ ಅತ್ತಿಗೆ?"

"ಅದು ಗಂಡಸರ ಕಾಯಿಲೆ ಕಣೇ. ನಮಗೆಲ್ಲಿ ಬರುತ್ತೆ?"

ಹರಿದ ಹೊದಿಕೆಯನ್ನು ಉದ್ದಕ್ಕೆ ಸೀಳಿ, ನಾಲ್ಕು ಮಡಿಕೆ ಮಾಡಿ, ಸೊಂಟದಿಂದ ತೊಡೆಗೆ ಬಿಗಿಯುವುದು ಅಲ್ಲಿನ ಹೆಂಗಸರ ಹಳೇ ಪದ್ಧತಿ. ಸಿಡುಕಿ ಎಂಟು ತಿಂಗಳು ಹಾಗೇ ಬಿಗಿದುಕೊಂಡಳು. ನಡುವೆ ಒಮ್ಮೆ ನಾಚಿಕೆ ಬಿಟ್ಟು ಮೇಲಿನ ಮಹಡಿಯ ಡಾಕ್ಟರ ಬಳಿ ಹೋಗಿದ್ದಳು. ಆ ಮಹಾನುಭಾವ ಕುರ್ಚಿ ಬಿಟ್ಟು ಏಳಲಿಲ್ಲ, ಮಲಗು ಎನ್ನಲಿಲ್ಲ. ಗ್ರಂಥಿ ಊದಿದೆ ಎಂದು ಮಾತ್ರೆ ಬರೆದು ಕೈತೊಳೆದುಕೊಂಡ. ಮುಟ್ಟದ ಕೈಯನ್ನು ತೊಳೆಯುವುದಾದರೂ ಯಾಕೋ!

ಒಂದು ಬೆಳಿಗ್ಗೆ ಗಂಟು ಒಳಗೆ ಹೋಗಲೊಲ್ಲದು. ಒತ್ತಿದಷ್ಟೂ ಗಟ್ಟಿ, ಒತ್ತಿದಷ್ಟೂ ಪ್ರಾಣ ಹೋಗುವಂಥ ನೋವು. ಮಧ್ಯಾಹ್ನಕ್ಕೆ ಹೊಟ್ಟೆ ಹಿಂಡಿ ವಾಂತಿ ಶುರುವಾಯಿತು.

"ಪಾಳಿ ಮುಗಿಸಿ ಹೋಗಮ್ಮ," ಎಂದ ಮೇಲ್ವಿಚಾರಕ.

"ನಿನ್ನ ಪಾಳಿಗೆ ಬೆಂಕಿ ಬೀಳ." ಬಟ್ಟೆಗಾಡಿಯನ್ನೇ ಊರಿಕೊಂಡು ತುರ್ತು ವಿಭಾಗದ ತನಕ ನಡೆದು ಅಲ್ಲಿ ಕುಸಿದಳು. ಸರ್ಜನಮ್ಮ ಒಮ್ಮೆ ಮುಟ್ಟಿ ನೋಡಿದ್ದೇ ತಡ, ಆಪರೇಷನ್‌ಗೆ ಸಿದ್ಧ ಮಾಡಿ ಎಂದರು.

ಎರಡು ದಿನದ ಮೇಲೆ ಅವರೇ ಮಂಚದ ಪಕ್ಕ ಕೂತು ಬಿಡಿಸಿ ಹೇಳಿದರು. "ತೊಡೆಗೆ ರಕ್ತನಾಳ ಇಳಿಯೋ ಕಡೆ ಒಂದು ಸಣ್ಣ ಸಂದು ಇರುತ್ತೆ. ಅಲ್ಲಿಂದ ಕರುಳು ನುಗ್ಗಿತ್ತು. ಇದೂ ಹರ್ನಿಯಾನೇ, ಈ ಥರದ್ದು ಹೆಂಗಸರಿಗೇ ಜಾಸ್ತಿ. ಸಂದು ಇಕ್ಕಟ್ಟಾದ್ದರಿಂದ ಕರುಳಿಗೆ ರಕ್ತ ಹೋಗದೆ ಒಂದು ಗೇಣು ಕಪ್ಪಾಗಿತ್ತು. ಅಷ್ಟನ್ನ ಕತ್ತರಿಸಿ ತೆಗೆದು, ಸಂದು ಹೊಲಿದಿದ್ದೀವಿ."

"ಪಟ್ಟಿ ಕಟ್ಟಿದ್ದೆನಲ್ಲ?"

"ಪಟ್ಟಿಗೆಲ್ಲ ಇದು ನಿಲ್ಲಲ್ಲಮ್ಮ. ಆಪರೇಷನ್ ಒಂದೇ ದಾರಿ. ಮೊದಲೇ ಬಂದಿದ್ರೆ ಚಿಕ್ಕದರಲ್ಲಿ ಮುಗೀತಿತ್ತು."

"ಬಂದಿದ್ದೆ. ನಿಮ್ಮವರೇ ನೋಡಲಿಲ್ಲ."

ಸರ್ಜನಮ್ಮ ಹಾಳೆಯಲ್ಲಿ ಏನೋ ಬರೆದುಕೊಂಡು ಎದ್ದರು. ಅದಕ್ಕೂ ಸಿಡುಕಿಯ ಮೈ ಉರಿಯಿತು. ಇಷ್ಟು ವರ್ಷ ಇವರ ರೋಗಿಗಳ ರಕ್ತದ ಕಲೆ ತಿಕ್ಕಿದ ತನ್ನನ್ನು ಎರಡು ನಿಮಿಷ ಮಲಗಿಸಿ ನೋಡಲು ಇವರಿಗೆ ಪುರುಸೊತ್ತಿರಲಿಲ್ಲ.

ಸಂಜೆ ಅತ್ತಿಗೆ ಬಂದಳು. ಸಿಕ್ಕಿದವಳ ಮೇಲೆ ಸಿಟ್ಟೆಲ್ಲ ಹರಿಯಿತು.

"ಗಂಡಸರ ಕಾಯಿಲೆ ಅಂದ್ರಲ್ಲ ಅತ್ತಿಗೆ, ಸತ್ತಿದ್ರೆ ನನ್ನ ಹೆಣಕ್ಕೂ ಪಟ್ಟಿ ಕಟ್ತಿದ್ರಾ?"

ಬಾಯಿಗೆ ಬಂದದ್ದನ್ನೆಲ್ಲ ಅಂದು ಸಿಡುಕಿಗೆ ಉಸಿರು ಕಟ್ಟಿತು. ಆಗ ಅತ್ತಿಗೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ನಂಗೂ ಅದೇ ಗಂಟಿದೆ, ನಿನ್ನೆಯಿಂದ ಒಳಗೆ ಹೋಗ್ತಿಲ್ಲ ಕಣೇ. ನೀನೇ ಹೀಗೆ ಮಲಗಿರೋವಾಗ ಯಾರ ಹತ್ರ ಹೇಳಲಿ?"

ಸಿಡುಕಿ ಹೊಲಿಗೆಯ ಮೇಲೆ ಕೈ ಒತ್ತಿಕೊಂಡು ಮಂಚದಿಂದ ಇಳಿದಳು. ಅತ್ತಿಗೆಯ ರಟ್ಟೆ ಹಿಡಿದು ತನ್ನ ಹಾಸಿಗೆಯಲ್ಲೇ ಮಲಗಿಸಿದಳು. ಆಮೇಲೆ ಗೋಡೆ ಹಿಡಿದುಕೊಂಡು, ಸರ್ಜನಮ್ಮನನ್ನು ಕೂಗುತ್ತ ಹೊರಗೆ ನಡೆದಳು.